ಅಳಿಲಿನ ಸಾಲು

ನವೆಂಬರ್ 9, ಸೋಮವಾರ

ಬಸವನಹುಳು ಅವರಿಗೆ,

ನಿಮ್ಮ ನಿಜವಾದ ಹೆಸರು ನನಗೆ ಗೊತ್ತಿಲ್ಲ. ನನ್ನ ತಮ್ಮ ಯಾವತ್ತೂ ಹೇಳಿಲ್ಲ. ನಿಮ್ಮ ಮಂದಿಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಯಾರನ್ನೂ ಕರೆಯುವ ಹಾಗೆ ಕಾಣುವುದಿಲ್ಲ. ಅವನು ಅಳಿಲು, ನೀವು ಬಸವನಹುಳು. ವಿಳಾಸ ಅವನ ಮೇಜಿನ ಖಾನೆಯಲ್ಲಿ ಸಿಕ್ಕಿತು. ನಾನು ಅಳಿಲಿನ ಅಕ್ಕ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಸೂರ ಉಜ್ಜುವವಳು.

ಮೊದಲು ಫೋನು ಮಾಡಿದೆ. ನಿಮ್ಮ ಸೊಸೆ ಎತ್ತಿಕೊಂಡು, "ಮಾವನಿಗೆ ಕಿವಿ ಕೇಳಿಸಲ್ಲ, ಏನಿದ್ರೂ ಬರೆದು ಕಳಿಸಿ" ಅಂದವಳು ನಾನು ಬೇರೆ ಮಾತು ಕೇಳುವ ಮೊದಲೇ ಇಟ್ಟುಬಿಟ್ಟಳು. ಮೆಸೇಜು ಮಾಡಬಹುದಿತ್ತು. ಆದರೆ ಮೆಸೇಜಿಗೆ ಒಂದು 'ಹೂಂ' ಹಾಕಿ ಕೈ ತೊಳೆದುಕೊಳ್ಳಬಹುದು, ಕಾಗದಕ್ಕಾದರೆ ಕೂತು ಉತ್ತರ ಬರೆಯಬೇಕು. ನನಗೆ ಬೇಕಾಗಿರುವುದು ಉತ್ತರ.

ಹೋದ ಮಂಗಳವಾರ ಸಂಜೆ ನಮ್ಮಿಬ್ಬರಿಗೂ ಜಗಳವಾಯಿತು. ಅವನಿಗೆ ನಲವತ್ತೊಂದು ವರ್ಷ. ಲಿಫ್ಟ್ ರಿಪೇರಿ ಮಾಡುವ ಹೊತ್ತು ಬಿಟ್ಟರೆ ಮಿಕ್ಕ ಹೊತ್ತೆಲ್ಲ ಡಬ್ಬಿ ಹುಡುಕುತ್ತಾ ತಿರುಗುತ್ತಾನೆ. ಯಾರೋ ಒಂದು ಡಬ್ಬಿಯನ್ನು ಪೊದೆಯಲ್ಲೋ ಮೋರಿಯಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಜಾಲತಾಣದಲ್ಲಿ ಹಾಕುವುದಂತೆ. ಇನ್ಯಾರೋ ಮೊಬೈಲು ಹಿಡಿದು ಹೋಗಿ ಹುಡುಕಿ, ಒಳಗಿನ ಚೀಟಿಯಲ್ಲಿ ಅಡ್ಡಹೆಸರು, ತಾರೀಕು ಬರೆದು, ಡಬ್ಬಿಯನ್ನು ಮತ್ತೆ ಅಲ್ಲೇ ಇಟ್ಟು ಬರುವುದಂತೆ! ಜಿಯೋಕ್ಯಾಶಿಂಗ್ ಅಂತ ಅದಕ್ಕೊಂದು ದೊಡ್ಡ ಹೆಸರು ಬೇರೆ. ಅದರಲ್ಲೂ ಇವನದು ದಿನಕ್ಕೊಂದು ಡಬ್ಬಿಯ ವ್ರತ. ಎಂಟುನೂರ ಹನ್ನೆರಡು ದಿನದಿಂದ ಸಾಲು ಮುರಿದಿಲ್ಲ. ನಾನು ಜ್ವರದಲ್ಲಿ ಮಲಗಿದ್ದ ದಿನವೂ "ಹತ್ತೇ ನಿಮಿಷ ಅಕ್ಕಾ" ಎಂದು ಹೋಗಿ ಎರಡು ಗಂಟೆ ಬಿಟ್ಟು ಬಂದ. ಅದು ಮನಸ್ಸಿನಲ್ಲಿತ್ತು. ಮಂಗಳವಾರ ಬಾಯಿಗೆ ಬಂತು. ತಾನೂ ಬಚ್ಚಿಡಲೆಂದು ಅವನು ಮಾಡಿಟ್ಟುಕೊಂಡಿದ್ದ ಡಬ್ಬಿಗಳ ಚೀಲ ಎತ್ತಿಕೊಂಡು ಹೋಗಿ ಕಸದ ತೊಟ್ಟಿಗೆ ಹಾಕಿದೆ. ಅವನು ತೊಟ್ಟಿಯೊಳಗೆ ಕೈಹಾಕಿ ಒಂದೊಂದಾಗಿ ಆರಿಸಿಕೊಂಡ. ಮರುದಿನ ಬೆಳಿಗ್ಗೆ ಟೀ ಕೂಡ ಕುಡಿಯದೆ ಸೈಕಲ್ ಹತ್ತಿ ಹೋದವನು ತಿರುಗಿ ಬರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟೆ. ಫೋನು ಗುಡ್ಡಗಳ ಕಡೆಯ ಮೊಬೈಲ್ ಟವರಿನ ಹತ್ತಿರ ಆರಿಹೋಗಿದೆ ಅಂದರು. ನಿಮ್ಮ ಪಂಗಡದವರು ನಮ್ಮೂರಲ್ಲಿ ಹನ್ನೊಂದು ಜನ ಇದ್ದಾರೆ, ಅವರೆಲ್ಲ ಕೆಲಸಕ್ಕೆ ರಜೆ ಹಾಕಿ ಬಂದರು. ಅವರಲ್ಲೊಬ್ಬರಾದ ಡ್ರಾಯಿಂಗ್ ಮೇಷ್ಟ್ರು ಗುಡ್ಡದ ನಕ್ಷೆಯನ್ನು ಚೌಕಚೌಕವಾಗಿ ಹಂಚಿ, ಕೊರಳಿಗೆ ಸೀಟಿ ಹಾಕಿಕೊಂಡು ನಡೆಸಿದರು. ಒಂದೊಂದು ಕಲ್ಲು ಎತ್ತಿ ನೋಡಿದರು. ಹಾಗೆ ಹುಡುಕುವುದನ್ನು ನಾನು ಜನ್ಮದಲ್ಲಿ ನೋಡಿಲ್ಲ. ಇವರನ್ನೇ ಅಲ್ಲವೇ ಇಷ್ಟು ವರ್ಷ ಕೆಲಸವಿಲ್ಲದವರು ಎಂದು ಬಯ್ದದ್ದು ಅಂತ ನಾಚಿಕೆಯಾಯಿತು.

ನಿನ್ನೆ ಭಾನುವಾರ ಮಧ್ಯಾಹ್ನ ಎಲ್ಲರೂ ಗುಡ್ಡದ ಬುಡದಲ್ಲಿ ನೀರು ಕುಡಿಯುತ್ತಿದ್ದೆವು. ಮೇಷ್ಟ್ರ ಮೊಬೈಲು ಸದ್ದು ಮಾಡಿತು. ಜಾಲತಾಣದಲ್ಲಿ ಅಳಿಲಿನ ಪುಟಕ್ಕೆ ಒಟ್ಟಿಗೆ ಐದು ದಿನದ ದಾಖಲೆ ಬಂದಿತ್ತು. ನಾಲ್ಕು, ಐದು, ಆರು, ಏಳು, ಎಂಟು. ಐದೂ ಡಬ್ಬಿ ನಿಮ್ಮೂರಿನವು. ಐದಕ್ಕೂ 'ಸಿಕ್ಕಿತು' ಎಂದು ಬರೆದಿತ್ತು.

ಅಲ್ಲಿ ನೆಲದ ಮೇಲೆ ಕೂತು ಅತ್ತೆ. ಬದುಕಿದ್ದಾನಲ್ಲ! ಮೇಷ್ಟ್ರು ಸೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡು, "ಪುಟದಲ್ಲಿ ಬಂದಿದೆ ಅಂದ್ರೆ ಮುಗೀತು ಕಣಮ್ಮ. ನಮ್ಮಲ್ಲಿ ಯಾರೂ ದಾಖಲೆ ಸುಳ್ಳು ಬರೆಯಲ್ಲ" ಅಂದರು. ಗುಡ್ಡದ ಇನ್ನೊಂದು ಮಗ್ಗುಲು ಬಾಕಿಯಿತ್ತು, ಅದನ್ನು ಇವತ್ತು ನೋಡುವುದಿತ್ತು. ಬೇಡ ಎಂದು ನಾನೇ ಹೇಳಿದೆ. ದೂರನ್ನೂ ವಾಪಸ್ಸು ತೆಗೆದುಕೊಂಡೆ.

ಅಳು ಮುಗಿದ ಮೇಲೆ ಸಿಟ್ಟು ಬಂತು. ನಿಮ್ಮೂರಲ್ಲಿ ಇದ್ದಾನೆ ಅಂದರೆ ನಿಮ್ಮಲ್ಲೇ ಇರುತ್ತಾನೆ, ಅವನಿಗೆ ಈ ಕಾಗದ ತೋರಿಸಿ. ಅಕ್ಕ ನಾಲ್ಕು ದಿನ ಅನ್ನ ಮುಟ್ಟಿಲ್ಲ ಎಂದು ಹೇಳಿ. ತಪ್ಪು ನನ್ನದೇ, ಒಪ್ಪಿದ್ದೇನೆ ಎಂದೂ ಹೇಳಿ.

ಅಳಿಲಿನ ಅಕ್ಕ


ನವೆಂಬರ್ 11

ಅಕ್ಕನವರಿಗೆ,

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಸಿಕ್ಕಿತು. ನೀವು ನನಗಿಂತ ಚಿಕ್ಕವರಿರಬೇಕು, ಆದರೂ ಅವನು ಕರೆಯುವ ಹಾಗೆಯೇ ಕರೆಯುತ್ತೇನೆ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಯಂತ್ರ ಓಡಿಸಿ ನನ್ನ ಕಿವಿ ಹೋಗಿದೆ. ಹಾಗಾಗಿ ಕಾಗದವೇ ನನಗೂ ಅನುಕೂಲ.

ಚಿಂತೆ ಮಾಡಬೇಡಿ. ಅವನು ಚೆನ್ನಾಗಿದ್ದಾನೆ. ಊಟ ಮಾಡುತ್ತಾನೆ. ನಿಮ್ಮ ಕಾಗದ ಓದಿ ತಲೆ ತಗ್ಗಿಸಿ ಕೂತ, ಏನೂ ಹೇಳಲಿಲ್ಲ. ಗಂಡಸರು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಸ್ವಲ್ಪ ದಿನ ಅವನ ಪಾಡಿಗೆ ಬಿಡಿ. ಸಿಟ್ಟು ಇಳಿದ ಮೇಲೆ ತಾನಾಗಿ ಬರುತ್ತಾನೆ. ನಾನು ನೋಡಿಕೊಳ್ಳುತ್ತೇನೆ.

ಈಗ ಅವನಿಗೆ ಫೋನು, ಮೆಸೇಜು ಏನೂ ಬೇಡವಂತೆ. ಒತ್ತಾಯ ಮಾಡುವುದು ಬೇಡ.

ಬಸವನಹುಳು


ನವೆಂಬರ್ 14

ಅಣ್ಣನವರೇ,

ನಿಮ್ಮ ಕಾಗದವನ್ನು ನಿನ್ನೆ ಅಂಗಡಿಯಲ್ಲೇ ಒಡೆದೆ. ಓದಿ ಮುಗಿಸುವ ಹೊತ್ತಿಗೆ ಉಜ್ಜುವ ಚಕ್ರದ ಮೇಲೆ ಯಾರದೋ ಮಸೂರ ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಯಜಮಾನರು ಬಯ್ದರು. ನಗುತ್ತಲೇ ಬಯ್ಯಿಸಿಕೊಂಡೆ.

ತಲೆ ತಗ್ಗಿಸಿ ಕೂತ ಅಂದಿರಲ್ಲ, ಅದು ಅವನೇ. ಎಂಟು ವರ್ಷದವನಿದ್ದಾಗಿನಿಂದ ಹಾಗೆಯೇ. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು, ನನಗೆ ಇಪ್ಪತ್ತು. ಅವತ್ತಿನಿಂದ ಅವನಿಗೆ ಅಕ್ಕನೂ ನಾನೇ, ಅಮ್ಮನೂ ನಾನೇ, ಪೊಲೀಸೂ ನಾನೇ. ಅವನು ಮದುವೆ ಬೇಡವೆಂದಾಗಲೂ ಬಯ್ದೆ, ಲಿಫ್ಟಿನ ಕೆಲಸಕ್ಕೆ ಸೇರಿದಾಗಲೂ ಬಯ್ದೆ. ಡಬ್ಬಿ ಹುಡುಕುವಾಗ ಮಾತ್ರ ಅವನ ಮುಖ ಅರಳಿರುತ್ತಿತ್ತು. ಅದೇ ನನಗೆ ಆಗುತ್ತಿರಲಿಲ್ಲ ಅಂತ ಈಗ ತೋರುತ್ತದೆ. ಮನೆಯಲ್ಲಿ ನನ್ನೆದುರು ಆ ಮುಖ ಕಾಣುತ್ತಿರಲಿಲ್ಲವಲ್ಲ.

ಈ ಪೊಟ್ಟಣದಲ್ಲಿ ಅವನ ಉಣ್ಣೆಯ ಬನಿಯನ್, ಹೊಸ ಕನ್ನಡಕ ಇವೆ. ಹಳೆಯದರ ಬಲಗಡೆಯ ಮಸೂರ ಗೀಚಿಹೋಗಿತ್ತು, ತಿಂಗಳಿನಿಂದ ಕೇಳುತ್ತಿದ್ದ. ನಾನೇ ಉಜ್ಜಿ ಕೂರಿಸಿದ್ದೇನೆ. ಹಾಕಿಕೊಂಡು ಹೇಗಿದೆ ಅಂತ ಒಂದು ಮಾತು ಹೇಳಲಿ ಸಾಕು. ಬರುವುದು ಯಾವಾಗ ಅಂತ ನಾನು ಕೇಳುವುದಿಲ್ಲ. ಒತ್ತಾಯ ಬೇಡ ಅಂದಿದ್ದೀರಿ.

ನಿಮ್ಮ ಸೊಸೆಗೆ ನನ್ನ ನಮಸ್ಕಾರ ತಿಳಿಸಿ. ಊಟದಲ್ಲಿ ಅವನು ಸಂಕೋಚದವನು, ಎರಡನೇ ಸಲ ಬಡಿಸಲು ಹೇಳಿ.

ಅಕ್ಕ


ನವೆಂಬರ್ 20

ಅಕ್ಕನವರಿಗೆ,

ಪೊಟ್ಟಣ ತಲುಪಿತು. ಕನ್ನಡಕ ಚೆನ್ನಾಗಿದೆ.

ಒಂದು ವಿಷಯ ಕೇಳಬೇಕಿತ್ತು. ಅವನ ಸೈಕಲ್ ಎಲ್ಲಿದೆ ಎಂದು ನಿಮಗೆ ಗೊತ್ತಾಯಿತೇ? ಅವನು ನಾಲ್ಕನೇ ತಾರೀಕಿನಿಂದ ನಿಮ್ಮಲ್ಲಿ ಬೇರೆ ಯಾರ ಜೊತೆಗಾದರೂ ಮಾತಾಡಿದ್ದಾನೆಯೇ? ಡ್ರಾಯಿಂಗ್ ಮೇಷ್ಟ್ರ ಜೊತೆ? ಕೆಲಸದ ಕಡೆ? ಸುಮ್ಮನೆ ಕೇಳಿದೆ.

ನನ್ನ ಮೊಣಕಾಲು ಸರಿಯಿಲ್ಲ. ಹೆಚ್ಚು ಬರೆಯಲಾರೆ.

ಬಸವನಹುಳು


ನವೆಂಬರ್ 24

ಅಣ್ಣನವರೇ,

ಮೊಣಕಾಲಿಗೂ ಬರೆಯುವುದಕ್ಕೂ ಏನು ಸಂಬಂಧ? ನಗಿಸಲು ಬರೆದಿರೋ ಏನೋ, ನನಗೆ ನಗು ಬರಲಿಲ್ಲ.

ನಿಮ್ಮ ಕಾಗದ ನಾಲ್ಕು ಸಲ ಓದಿದೆ. ಸೈಕಲ್ ಎಲ್ಲಿದೆ ಅಂತ ನನ್ನನ್ನೇಕೆ ಕೇಳುತ್ತೀರಿ? ಪಕ್ಕದಲ್ಲೇ ಇರುವವನನ್ನು ಕೇಳಿದರೆ ಆಗದೇ? ಯಾರ ಜೊತೆ ಮಾತಾಡಿದ್ದಾನೆ ಅಂತ ಅವನಿಗೆ ಗೊತ್ತಿಲ್ಲವೇ? 'ಕನ್ನಡಕ ಚೆನ್ನಾಗಿದೆ' ಎಂದು ಬರೆದಿದ್ದೀರಿ. ಅವನಿಗೆ ಸರಿಹೊಂದಿತು ಎಂದು ಬರೆದಿಲ್ಲ. ನಾನು ಇಪ್ಪತ್ತೈದು ವರ್ಷದಿಂದ ಕನ್ನಡಕ ಮಾಡುತ್ತಿದ್ದೇನೆ. ಹಾಕಿಕೊಂಡವರು ಮೊದಲು ಹೇಳುವುದು ಮೂಗಿನ ಮೇಲೆ ಕೂತಿತೋ ಇಲ್ಲವೋ ಅನ್ನುವುದನ್ನು.

ಇನ್ನೊಂದು ಮಾತು. ಅವನ ಪುಟವನ್ನು ದಿನಾ ನೋಡುತ್ತಿದ್ದೇನೆ. ಹದಿನೈದನೇ ತಾರೀಕಿನಿಂದೀಚೆಗೆ ಒಂದೂ ದಾಖಲೆ ಇಲ್ಲ. ಎಂಟುನೂರು ದಿನ ಮುರಿಯದವನು ಈಗ ಹೇಗೆ ಮುರಿದ? ಮೇಷ್ಟ್ರನ್ನು ಕೇಳಿದೆ. ಅವರು ಮೊಬೈಲು ತೆಗೆದು ಅವನ ಪುಟವನ್ನು ಮೊದಲಿನಿಂದ ನೋಡಿದರು. ಆಮೇಲೆ, "ನಾನೊಂದು ಫೋಟೋ ತರಿಸಿಕೊಳ್ತೀನಿ, ಅಲ್ಲಿನ ಡಬ್ಬಿಯ ಚೀಟಿದು. ಅವನ ಅಕ್ಷರ ನಂಗೆ ಗೊತ್ತು" ಅಂದರು.

ನನಗೆ ಭಯವಾಗುತ್ತಿದೆ. ಅವನ ಕೈಯಿಂದ ಒಂದು ಸಾಲು ಬರೆಸಿ ಕಳಿಸಿ. ಬಯ್ಗುಳವಾದರೂ ಸರಿ. 'ಅಕ್ಕ, ನಿನ್ನ ಮುಖ ನೋಡಲ್ಲ' ಅಂತಲೇ ಬರೆಯಲಿ. ಅವನ ಅಕ್ಷರವಾಗಿರಲಿ.


ನವೆಂಬರ್ 28

ಅಕ್ಕನವರಿಗೆ,

ಇದರಲ್ಲಿರುವ ವಿಷಯವನ್ನು ಈಗಷ್ಟೇ ಮೇಷ್ಟ್ರಿಗೆ ಮೆಸೇಜಿನಲ್ಲಿ ಕಳಿಸಿದ್ದೇನೆ. ಕಾಗದ ಬರುವಷ್ಟು ಹೊತ್ತು ಕಾಯುವ ವಿಷಯವಲ್ಲ ಇದು. ಆದರೂ ನಿಮಗೆ ನಾನೇ ಬರೆಯಬೇಕು.

ಅವನು ಇಲ್ಲಿಲ್ಲ. ಯಾವತ್ತೂ ಬಂದಿಲ್ಲ.

ನಾಲ್ಕು ವರ್ಷದ ಹಿಂದೆ ನನಗೆ ಹೊಟ್ಟೆಯ ಆಪರೇಷನ್ ಆಯಿತು. ಆಗ ನನ್ನದೂ ಒಂದು ಸಾಲು ನಡೆಯುತ್ತಿತ್ತು. ಹದಿನಾರು ದಿನ ಅವನು ನಿಮ್ಮೂರಿನಲ್ಲಿ ಡಬ್ಬಿ ಹುಡುಕಿ, ಚೀಟಿಯಲ್ಲಿ 'ಬಸವನಹುಳು' ಎಂದು ಬರೆದು ನನ್ನ ಸಾಲು ಕಾದ. ನನ್ನ ಖಾತೆಯ ಗುಟ್ಟುಪದ ಅವನ ಹತ್ತಿರ, ಅವನದು ನನ್ನ ಹತ್ತಿರ. ನಿಯಮದ ಪ್ರಕಾರ ಇದು ತಪ್ಪು. ನಮ್ಮಿಬ್ಬರ ಮಧ್ಯೆಯೇ ಇತ್ತು. ಮೇಷ್ಟ್ರಿಗೂ ಗೊತ್ತಿರಲಿಲ್ಲ.

ನಾಲ್ಕನೇ ತಾರೀಕು ಬೆಳಿಗ್ಗೆ ಅವನಿಂದ ಮೆಸೇಜು ಬಂತು. ಇದ್ದ ಹಾಗೆಯೇ ಬರೆಯುತ್ತೇನೆ: 'ಇವತ್ತು ಹಳೇ ಕಲ್ಲುಗಣಿ ಕಡೆ ಹೊಸ ಡಬ್ಬಿ ಇಡೋಕೆ ಹೋಗ್ತಿದ್ದೀನಿ. ಹುಡುಕೋಕೆ ಟೈಮ್ ಆಗಲ್ಲ. ನನ್ನ ಸಾಲು ನೋಡ್ಕೋ.' ನಾನು ಹೋಗಿ ಬಸ್ ನಿಲ್ದಾಣದ ಬೆಂಚಿನಡಿಯ ಡಬ್ಬಿ ತೆಗೆದು 'ಅಳಿಲು' ಎಂದು ಬರೆದೆ. ಮರುದಿನ ಸಾಕು ಎಂದು ಅವನಿಂದ ಮೆಸೇಜು ಬರಲಿಲ್ಲ. ಬೇಡ ಅನ್ನಲಿಲ್ಲವಲ್ಲ ಎಂದು ನೀರಿನ ಮೀಟರಿನ ಹಿಂದಿನದಕ್ಕೆ ಹೋದೆ. ಅದರ ಮರುದಿನ ಸೇತುವೆಯ ಕಂಬಿಯದು. ಮೊಣಕಾಲು ನೋಯುತ್ತಿತ್ತು. ಆದರೂ ಖುಷಿಯಿತ್ತು, ಋಣ ತೀರಿಸುತ್ತಿದ್ದೇನೆ ಎಂದು. ವಾರದ್ದೆಲ್ಲ ಒಟ್ಟಿಗೆ ಭಾನುವಾರ ಸೊಸೆಯ ಕಂಪ್ಯೂಟರಿನಲ್ಲಿ ಹಾಕುವುದು ನನ್ನ ರೂಢಿ. ಅವತ್ತೂ ಹಾಗೆಯೇ ಹಾಕಿದೆ.

ನಿಮ್ಮ ಮೊದಲ ಕಾಗದ ಬಂದಾಗ ನಾನು ನಕ್ಕೆ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಕಳ್ಳ, ಅಕ್ಕನ ಮೇಲೆ ಮುನಿಸಿಕೊಂಡು ಎಲ್ಲೋ ಹೋಗಿ ಕೂತು, ನನ್ನೂರಿನಲ್ಲಿರುವ ಹಾಗೆ ನನ್ನಿಂದಲೇ ನಾಟಕ ಆಡಿಸುತ್ತಿದ್ದಾನೆ ಎಂದುಕೊಂಡೆ. ಸ್ನೇಹಿತನನ್ನು ಬಿಟ್ಟುಕೊಡಬಾರದು ಎಂದುಕೊಂಡೆ. ತಲೆ ತಗ್ಗಿಸಿ ಕೂತ ಎಂದು ಬರೆದೆ. ಊಟ ಮಾಡುತ್ತಾನೆ ಎಂದು ಬರೆದೆ. ಗಣಿಯ ವಿಷಯ ನಿಮಗೆ ಹೇಳಲಿಲ್ಲ. ಹೊಸ ಡಬ್ಬಿಯ ಜಾಗವನ್ನು ಪ್ರಕಟವಾಗುವ ಮೊದಲು ಯಾರಿಗೂ ಹೇಳಬಾರದು, ಅದು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು. ಒಂದು ಡಬ್ಬಿಯ ಗುಟ್ಟು ಕಾಪಾಡಿದೆ, ಅಕ್ಕ.

ಹೊಸ ಡಬ್ಬಿ ಜಾಲತಾಣದಲ್ಲಿ ಬರಲೇ ಇಲ್ಲ. ಅವನು ಮೆಸೇಜಿಗೆ ಉತ್ತರಿಸಲಿಲ್ಲ. ನಿಮ್ಮ ಪೊಟ್ಟಣ ಬಂದ ದಿನ ಕನ್ನಡಕ ಕೈಯಲ್ಲಿ ಹಿಡಿದುಕೊಂಡಾಗ ಮೊದಲ ಸಲ ಅನುಮಾನ ಬಂತು, ಅವನ ಹೆಸರಿನಲ್ಲಿ ದಾಖಲೆ ಹಾಕುವುದನ್ನು ನಿಲ್ಲಿಸಿದೆ. ಆಗಲೇ ಹೇಳಬೇಕಿತ್ತು. ಸೈಕಲ್ಲಿನ ಬಗ್ಗೆ ಕೇಳಿದೆ, ನನ್ನ ಬಗ್ಗೆ ಹೇಳಲು ಧೈರ್ಯ ಬರಲಿಲ್ಲ. ಇನ್ನೂ ಎಂಟು ದಿನ ತಳ್ಳಿದೆ.

ಎಲ್ಲೋ ಇದ್ದಾನೆ ಎಂದು ಇನ್ನೂ ಆಸೆ ಇಟ್ಟುಕೊಂಡಿದ್ದೇನೆ. ಬೇಗ ಹೋಗಿ.

ಬಸವನಹುಳು


ಡಿಸೆಂಬರ್ 8

ಅಕ್ಕನವರಿಗೆ,

ಯಾರೂ ಏನೂ ಹೇಳುತ್ತಿಲ್ಲ. ಮೇಷ್ಟ್ರು ನನ್ನ ಮೆಸೇಜುಗಳನ್ನು ನೋಡುತ್ತಾರೆ, ಉತ್ತರ ಕೊಡುತ್ತಿಲ್ಲ. ಗುಂಪಿನಿಂದ ನನ್ನ ಹೆಸರು ತೆಗೆದಿದ್ದಾರೆ. ಅದು ನ್ಯಾಯವೇ. ನಾನು ಬರೆದ ಸುಳ್ಳು ದಾಖಲೆಗಳನ್ನೆಲ್ಲ ಅಳಿಸಿದ್ದೇನೆ.

ನೀವು ಬಯ್ದು ಬರೆಯಿರಿ. ಬಾ ಎಂದರೆ ಬರುತ್ತೇನೆ, ನಿಮ್ಮ ಪೊಲೀಸರ ಮುಂದೆ ನಿಲ್ಲುತ್ತೇನೆ. ಸಿಕ್ಕಿದನೇ ಇಲ್ಲವೇ ಎಂದಷ್ಟು ತಿಳಿಸಿ.

ಬಸವನಹುಳು


ಡಿಸೆಂಬರ್ 19

ಸಿಕ್ಕಿದ. ನವೆಂಬರ್ ಇಪ್ಪತ್ತೊಂಬತ್ತರಂದು, ಬೆಳಿಗ್ಗೆ ಹತ್ತು ಗಂಟೆಗೆ. ನೀವು ಮೆಸೇಜು ಕಳಿಸಿದ ಮರುದಿನ. ಗಣಿಯ ಹತ್ತಿರ ಹೋಗಿ ಹುಡುಕಲು ಮೇಷ್ಟ್ರಿಗೆ ಮುಕ್ಕಾಲು ಗಂಟೆ ಸಾಕಾಯಿತು. ಸೈಕಲ್ ಪೊದೆಯ ಹಿಂದೆ ಬೀಗ ಹಾಕಿಕೊಂಡೇ ನಿಂತಿತ್ತು. ಅಲ್ಲಿಂದ ಮೂವತ್ತು ಹೆಜ್ಜೆ, ಅಷ್ಟೇ.

ಇಷ್ಟು ದಿನ ನಿಮಗೆ ಬರೆಯಬಾರದು ಅಂತಿದ್ದೆ. ನೀವು ಬೇಯಲಿ ಅಂತ. ಈಗ ಬರೆಯುತ್ತಿರುವುದೂ ನಿಮ್ಮ ಮೇಲೆ ಕನಿಕರದಿಂದಲ್ಲ. ಇದನ್ನು ಇನ್ನೊಬ್ಬರಿಗೆ ಹೇಳಿದರೆ ಸಮಾಧಾನ ಮಾಡಲು ಬರುತ್ತಾರೆ. ನೀವು ಮಾಡುವುದಿಲ್ಲ, ನಿಮಗೆ ಆ ಮುಖವಿಲ್ಲ. ಅದಕ್ಕೆ ನಿಮಗೆ ಹೇಳುತ್ತಿದ್ದೇನೆ.

ಅಂಚು ಕುಸಿದು ಕೆಳಗೆ ಬಿದ್ದಿದ್ದ. ಎಡಗಾಲು ಎರಡು ಕಡೆ ಮುರಿದಿತ್ತು. ಫೋನು ಒಡೆದು ಚೂರಾಗಿತ್ತು. ಕೈಯ ಹತ್ತಿರ ಆ ಹೊಸ ಡಬ್ಬಿ ಇತ್ತು, ಮುಚ್ಚಳ ಭದ್ರವಾಗಿ ಹಾಕಿತ್ತು. ಒಳಗೆ ಹುಡುಕಿ ಬಂದವರು ಹೆಸರು ಬರೆಯಲೆಂದು ಇಟ್ಟ ಪುಟ್ಟ ಪುಸ್ತಕ, ಒಂದು ತುಂಡು ಪೆನ್ಸಿಲು. ಪೊಲೀಸರು ಪಂಚನಾಮೆ ಮುಗಿಸಿ ಮೊನ್ನೆ ನನ್ನ ಕೈಗೆ ಕೊಟ್ಟರು. ಬಿದ್ದ ಕೂಡಲೇ ಹೋಗಿರುತ್ತಾನೆ ಎಂದು ನಾನು ನಂಬಿಕೊಂಡಿದ್ದೆ. ನೋವು ತಿನ್ನಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಪುಸ್ತಕದಲ್ಲಿ ಒಂಬತ್ತು ದಿನ ಬರೆದಿದ್ದಾನೆ. ಮೊದಲು ತಾರೀಕು, ಆಮೇಲೆ ಅಳಿಲು. ಆ ಗುಂಡಿಯಲ್ಲಿ ಬಿದ್ದುಕೊಂಡೂ ತನ್ನ ಸಾಲು ತಾನೇ ಕಾದಿದ್ದಾನೆ. ಅವನಿಗೆ ನಿಮ್ಮ ಸಹಾಯ ಬೇಕಿರಲಿಲ್ಲ.

ನಾಲ್ಕರಂದು, 'ಬಿದ್ದೆ. ಕಾಲು ಹೋಗಿದೆ.' ಐದರಂದು, 'ಬಂಡೆ ಸಂದಿಯಿಂದ ನೀರು ಒಸರುತ್ತೆ. ಪರವಾಗಿಲ್ಲ.' ಆರರಂದು ಬರೀ ಹೆಸರು. ಏಳರಂದು, 'ದೂರದಲ್ಲಿ ಸೀಟಿ. ಮೇಷ್ಟ್ರದ್ದೇ. ನಾನು ಕೂಗಿದ್ದು ಕೇಳಿಸಿಲ್ಲ.' ಎಂಟರಂದು, 'ಸೀಟಿ ಇವತ್ತು ಇನ್ನೂ ಹತ್ತಿರ. ನಾಳೆ ಈ ಮಗ್ಗುಲಿಗೆ ಬರ್ತಾರೆ.'

ಆ ನಾಳೆಯನ್ನು ಬೇಡ ಎಂದವಳು ನಾನು. ನಿಮ್ಮ ಐದು ಸುಳ್ಳು ನೋಡಿ ಬೇಡ ಎಂದೆ, ನಿಜ. ಆದರೆ ಒಂದು ವಿಷಯ ನಿಮಗೆ ಬರೆದಿರಲಿಲ್ಲ. ಮೇಷ್ಟ್ರು ಅವತ್ತು, "ಆದ್ರೂ ನಾಳೆ ಒಂದ್ಸಲ ಆ ಕಡೆನೂ ನೋಡಿಬಿಡೋಣ, ಚೌಕ ಬಾಕಿ ಉಳೀಬಾರದು" ಎಂದಿದ್ದರು. ನಾನೇ, "ನಿಮ್ಮದೂ ಅತಿಯಾಯ್ತು ಬಿಡಿ ಮೇಷ್ಟ್ರೇ, ಇದೇನು ನಿಮ್ಮ ಡಬ್ಬಿ ಆಟವೇ?" ಎಂದು ಅವರ ಬಾಯಿ ಮುಚ್ಚಿಸಿದೆ. ಸಿಟ್ಟು ಮಾಡಿಕೊಳ್ಳಲು ತಮ್ಮ ಬದುಕಿದ್ದಾನೆ ಅನ್ನುವ ಸುಖ ಅದು. ಮೆಸೇಜು ಮಾಡದೆ ಕಾಗದ ಬರೆದವಳೂ ನಾನೇ. ನೀವು ಊಟ ಮಾಡುತ್ತಾನೆ ಎಂದು ಬರೆದ ಹನ್ನೊಂದನೇ ತಾರೀಕು ಅವನಿಗೆ ಇನ್ನೂ ಉಸಿರಿತ್ತು. ನಿಮಗೆ ಇದು ಗೊತ್ತಿರಲಿ. ಸಾಯುವವರೆಗೂ ಗೊತ್ತಿರಲಿ. ನನಗೂ ಗೊತ್ತಿರುತ್ತದೆ.

ಪೊಲೀಸರ ಮುಂದೆ ನಿಂತು ಏನು ಮಾಡುತ್ತೀರಿ? ಡಬ್ಬಿಯ ಚೀಟಿಯಲ್ಲಿ ಬೇರೆಯವರ ಹೆಸರು ಬರೆಯುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲವಂತೆ. ಕೇಳಿದೆ. ನೀವು ಬರಬೇಡಿ. ಕನ್ನಡಕ ವಾಪಸ್ಸು ಕಳಿಸಬೇಡಿ. ಇದಕ್ಕೆ ಉತ್ತರವನ್ನೂ ಬರೆಯಬೇಡಿ.

ಮಿಕ್ಕದ್ದನ್ನೂ ಹೇಳಿಬಿಡುತ್ತೇನೆ. ಒಂಬತ್ತರಂದು, 'ಯಾರೂ ಬರಲಿಲ್ಲ. ಸೋಮವಾರ ಅಲ್ವಾ, ಎಲ್ಲರಿಗೂ ಕೆಲಸ. ಅಕ್ಕ ಬರ್ತಾಳೆ.' ಹತ್ತರಂದು, 'ಅಕ್ಕ ಬಿಡೋಳಲ್ಲ.' ಹನ್ನೊಂದರಂದೂ ಅದೇ, ಅಕ್ಷರ ಸೊಟ್ಟಗಾಗಿದೆ, 'ಅಕ್ಕ ಬಿಡೋಳಲ್ಲ.' ಹನ್ನೆರಡರಂದು ತಾರೀಕು ಮಾತ್ರ, ಹೆಸರು ಬರೆಯಲಾಗಿಲ್ಲ.

ಹತ್ತನೇ ತಾರೀಕು ನಾನು ಕೆಲಸಕ್ಕೆ ಹೋಗಿದ್ದೆ. ಊಟದ ಹೊತ್ತಿಗೆ ಚೌಕಟ್ಟು ಕೂರಿಸುವ ಹುಡುಗಿ ಪಕ್ಕದಲ್ಲಿ ಕೂತು, "ತಮ್ಮ ಬಂದ್ರಾ ಅಕ್ಕಾ?" ಎಂದು ಕೇಳಿದಳು. ನಾನು ನಗುತ್ತಲೇ ಡಬ್ಬಿ ಬಿಚ್ಚಿ ಅವಳಿಗೊಂದು ತುತ್ತು ಕೊಟ್ಟು, "ಬೇಕಾದ್ರೆ ಅವನೇ ಬರಲಿ ಕಣೇ, ನಾನಿನ್ನು ಹುಡುಕೋಕೆ ಹೋಗಲ್ಲ" ಎಂದೆ.